ಆರು ಕಾಲಿನ ಬೀಗರು

ನಮ್ಮ ಮಾವನವರ ಬೀಗರ ಬಳಗ ಭಾರಿ ದೊಡ್ಡದು. ಅದರಲ್ಲಿ ಹೆಚ್ಚಿನವರಿಗೆ ಆರು ಕಾಲು!

ಸುಳ್ಳಲ್ಲ. ಪುಣೆಯ ಖರಾಡಿಗೆ ಬಂದು ನಮ್ಮ ಸೊಸೈಟಿಯ ಯಾರನ್ನಾದರೂ ಕೇಳಿ ನೋಡಿ. ಎರಡೇ ಕಾಲಿನ ಅಳಿಯನಾದ ನಾನು ದಿನವಿಡೀ ಕಬ್ಬಿಣದ ಜೊತೆ ಗುದ್ದಾಡಿ ಮನೆಗೆ ಬಂದರೆ ನಮ್ಮ ಮಾವನವರು ತಲೆ ಎತ್ತುವುದಿಲ್ಲ. ತುಂಬೆ ಹೂವಿನ ಮೇಲೆ ಬಂದು ಕೂತ ಜೇನುಹುಳುವಿಗೆ ಮಾತ್ರ, ಇವತ್ತು ಯಾಕೆ ತಡವಾಯಿತು ಎಂದು ವಿಚಾರಿಸುತ್ತಾರೆ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ. ಏಳನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು ನಾನು. ಇವತ್ತು ಚಾಕಣದಲ್ಲಿ ಸ್ವಂತ ವರ್ಕ್‌ಶಾಪು ಇದೆ; ಗೇಟು, ಗ್ರಿಲ್ಲು, ಶೆಡ್ಡು ಮಾಡುತ್ತೇವೆ. ನಮ್ಮ ಸೊಸೈಟಿಯ ದೊಡ್ಡ ಗೇಟು ನನ್ನ ಕೈಯದೇ. ಒಂದು ಬೆರಳಿನಿಂದ ದೂಡಿದರೆ ಸಪ್ಪಳವಿಲ್ಲದೆ ಸರಿಯುತ್ತದೆ. ಬೆಳಿಗ್ಗೆ ಹೊರಡುವಾಗ ಗಾಡಿ ನಿಲ್ಲಿಸಿ ಅದನ್ನೊಮ್ಮೆ ನೋಡದಿದ್ದರೆ ನನಗೆ ತಿಂದ ನಾಷ್ಟಾ ಅರಗುವುದಿಲ್ಲ. ಹೊಸ ಗಿರಾಕಿಗಳಿಗೆ ಮೊದಲು ತೋರಿಸುವುದೂ ಅದನ್ನೇ.

ಮಾವನವರು ವಿಜಾಪುರದ ಕಡೆ ಪೋಸ್ಟಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಮನೆಗೆ ಬಂದರು. ತಂದ ಚೀಲವನ್ನು ಬಿಚ್ಚಲೇ ಇಲ್ಲ. ಬಾಗಿಲ ಹಿಂದೆ ಇಟ್ಟರು. ಯಾಕೆಂದರೆ, “ಮಗಳ ಮನಿ ಅನ್ನ ಭಾಳ ದಿನ ಉಣಬಾರದ್ರಿ ಅಳಿಯಂದ್ರ. ಮುಂದಿನ ವಾರ ಹೊಂಟೆ.” ಆ ಮುಂದಿನ ವಾರ ಪ್ರತಿ ವಾರವೂ ಬರುತ್ತಿತ್ತು. ಅಂಗಿ ಬೇಕಾದಾಗ ಚೀಲದಿಂದ ತೆಗೆಯುವುದು, ಒಗೆದ ಮೇಲೆ ಮಡಚಿ ಮತ್ತೆ ಚೀಲಕ್ಕೇ ತುಂಬುವುದು. ಮನೆಯೊಳಗೇ ಒಂದು ಬಸ್ ಸ್ಟ್ಯಾಂಡು!

ಡಾಕ್ಟರು ಪೊರೆ ತೆಗೆದರು ನೋಡಿ, ಅಲ್ಲಿಂದ ಶುರುವಾಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ಹೆತ್ತ ಮಗಳು ನಿಂತಿದ್ದಳು, ಹೊಸ ಅಂಗಿ ಹಾಕಿಕೊಂಡು ನಾನು ನಿಂತಿದ್ದೆ. ಅವರು ನೋಡಿದ್ದು ಮಾತ್ರ ಕಿಟಕಿಯಾಚೆ, ಗೋಡೆಯ ಬಿರುಕಿನಲ್ಲಿ ಅರಳಿದ್ದ ನೇರಳೆ ಹೂವನ್ನು. ಲೋಣಾವಳಾಕ್ಕೆ ಕರೆದುಕೊಂಡು ಹೋದಾಗಲೂ ಅದೇ ಕಥೆ. ಜನವೆಲ್ಲ ಜಲಪಾತಕ್ಕೆ ಮುಖ ಮಾಡಿ ನಿಂತಿದ್ದರೆ ಇವರು ಅದಕ್ಕೆ ಬೆನ್ನು ಹಾಕಿ ದಿಬ್ಬದ ಹಳದಿ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಆ ದಿನದ ಎಲ್ಲ ಫೋಟೋಗಳಲ್ಲೂ ನಮ್ಮ ಮಾವನವರ ಬೆನ್ನು ಬಹಳ ಚೆನ್ನಾಗಿ ಬಂದಿದೆ.

ನಮ್ಮ ಕಟ್ಟಡದ ಹಿಂದೆ ಕಂಪೌಂಡಿನ ಗುಂಟ ಒಂದು ಪಟ್ಟಿ ಜಾಗವಿದೆ. ಮಳೆ ಬಿದ್ದರೆ ಸಾಕು, ಯಾರೂ ಬಿತ್ತದಿದ್ದರೂ ಅಲ್ಲಿ ತುಂಬೆ ಏಳುತ್ತದೆ. ಮರಾಠಿ ಮಂದಿ ತೇರಡಾ ಎನ್ನುವ ಗುಲಾಬಿ ಬಣ್ಣದ ಹೂವು ಏಳುತ್ತದೆ. ಹೆಸರು ಗೊತ್ತಿಲ್ಲದ ಇನ್ನೂ ಏನೇನೋ. ಸೊಸೈಟಿಯವರು ಅದಕ್ಕೆಲ್ಲ ಸೇರಿಸಿ ಇಟ್ಟ ಹೆಸರು ಒಂದೇ: ಕಚರಾ, ಅಂದರೆ ಕಸ. ಕಟ್ಟಡದ ಮುಂದಿನ ಕುಂಡಗಳಲ್ಲಿ ನರ್ಸರಿಯಿಂದ ತಂದ ದಪ್ಪ ದಪ್ಪ ಹೂಗಳಿದ್ದವು. ಅವುಗಳ ಹತ್ತಿರ ಒಂದು ಹುಳುವೂ ಸುಳಿಯುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮಾವನವರು, “ಮಂಟಪ ಭರ್ಜರಿ ಅದರಿ. ಊಟಾನಽ ಇಟ್ಟಿಲ್ಲ,” ಎಂದರು. ಹುಲ್ಲು ಕೊಯ್ಯುವ ಮಾಳಿ ಮಷೀನು ಹಿಡಿದು ಹಿತ್ತಲಿಗೆ ಬಂದರೆ ಇವರು ಪ್ಲಾಸ್ಟಿಕ್ ಕುರ್ಚಿ ತಂದು ಪಟ್ಟಿಯ ನಟ್ಟನಡುವೆ ಹಾಕಿಕೊಂಡು ಕೂಡುತ್ತಿದ್ದರು. ಪಾಪ, ಅವನಾದರೂ ಏನು ಮಾಡಿಯಾನು? ಹಿರಿಯರನ್ನು ಕೊಯ್ಯಲಿಕ್ಕೆ ಬರುತ್ತದೆಯೇ?

ಅಷ್ಟರಲ್ಲಿ ಸೆಕ್ರೆಟರಿಯವರ ಹೆಂಡತಿಯ ಗುಲಾಬಿ ಗಿಡದ ಎಲೆಗಳಲ್ಲಿ ದುಂಡನೆಯ ತೂತುಗಳು ಕಾಣಿಸಿಕೊಂಡವು. ಯಾರೋ ಪೋರರು ಕತ್ತರಿ ಆಡಿಸಿದ್ದಾರೆ ಎಂದು ಆಕೆ ಗದ್ದಲ ಎಬ್ಬಿಸಿದರು. ನಾನು ಆ ಎಲೆ ನೋಡಿದೆ. ಕತ್ತರಿಯ ಕೆಲಸ ಅಲ್ಲವೇ ಅಲ್ಲ. ಅಂಚು ಅಷ್ಟು ಸಾಪು! ನನ್ನ ಪಂಚಿಂಗ್ ಮಷೀನಿಗೂ ಅಂಥ ದುಂಡು ಬರುವುದಿಲ್ಲ. ಮಾವನವರು ಕಾದು ಕೂತು ಕಳ್ಳನನ್ನು ಹಿಡಿದರು: ಒಂದು ಪುಟ್ಟ ಜೇನು. ಅದು ಎಲೆಯ ಬಿಲ್ಲೆ ಕತ್ತರಿಸಿ, ಸುರುಳಿ ಮಾಡಿ, ಹೊಟ್ಟೆಗೆ ಅವಚಿಕೊಂಡು ಹಾರಿ ಒಳಗೆ ಹೋದದ್ದು ಎಲ್ಲಿಗೆ? ನನ್ನ ಗೇಟಿನ ಪೈಪಿನೊಳಗೆ!

ಒಂದು ಪೈಪಿನ ತುದಿಯ ಟೋಪಿ ಉದುರಿ ಹೋಗಿತ್ತು. ನನ್ನ ಗೇಟಿಗೆ ತೂತೇ? ಮಾನ ಹೋದಂತಾಗಿ ಅಂದೇ ಹೊಸ ಟೋಪಿ, ವೆಲ್ಡಿಂಗ್ ಸಾಮಾನು ಹಿಡಿದು ಬಂದೆ. ಮಾವನವರು ಗೇಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

“ಒಳಗ ಎಲಿ ಹಾಸಿ ತೊಟ್ಟಲಾ ಕಟ್ಟ್ಯಾಳ್ರಿ. ಬಾಣಂತನ ಮುಗೀಲಿ.”

“ಮಾವಾರ, ಗಿರಾಕಿ ನೋಡಿದ್ರ ಏನಂದಾರು?”

“ಗೇಟು ಮಾಡಿಸಾಕ ಬಂದಾವ ಗೇಟು ನೋಡ್ತಾನ. ತೂತು ನೋಡಾವ ಗಿರಾಕಿ ಅಲ್ಲ, ಬೀಗ.”

ಟೋಪಿಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋದೆ.

ಇತ್ತ ಕಮಿಟಿಯವರು ದಸರೆ ಮುಗಿದ ಮೇಲೆ ಹಿಂದಿನ ಪಟ್ಟಿಗೆ ಜೆಸಿಬಿ ತರಿಸಿ, ಪೇವರ್ ಬ್ಲಾಕು ಹಾಕಿ ಗಾಡಿ ನಿಲ್ಲಿಸುವುದೆಂದು ತೀರ್ಮಾನಿಸಿದರು. ಬೀಜ ಬಲಿತು ಉದುರುವವರೆಗಾದರೂ ತಡೆಯಿರಿ, ಇಲ್ಲವಾದರೆ ಬರುವ ವರ್ಷ ಹೂವಿಲ್ಲ, ಹೂವಿಲ್ಲದಿದ್ದರೆ ಹುಳುಗಳೂ ಇಲ್ಲ ಎಂದು ಮಾವನವರು ಮನೆಮನೆಗೆ ಹೋಗಿ ಹೇಳಿದರು. ಎಲ್ಲರೂ ಚಹಾ ಕೊಟ್ಟರು. ಮಾತು ಯಾರೂ ಕೊಡಲಿಲ್ಲ. ಅವರು ಊಟ ಬಿಡಲಿಲ್ಲ, ಸಿಟ್ಟು ಮಾಡಲಿಲ್ಲ. ಸಂಜೆ ಮಗಳಿಗೆ, ಶೀಗಿ ಹುಣ್ಣಿಮೆಗೆ ಚರಗಕ್ಕೆ ಬೇಕಾದ ಅಡಿಗೆ ಮಾಡು ಎಂದರು, ಅಷ್ಟೆ.

ನಮ್ಮ ಕಡೆ ಶೀಗಿ ಹುಣ್ಣಿಮೆಗೆ ಬೆಳೆ ಹೊತ್ತ ಭೂಮಿ ಬಸುರಿ ಎಂದು ಲೆಕ್ಕ. ಹೊಲಕ್ಕೆ ಹೋಗಿ ಪೂಜೆ ಮಾಡಿ, ಕಡಬು, ರೊಟ್ಟಿ, ಪಲ್ಲೆ ಕಲಸಿ ಸುತ್ತಲೂ ಚೆಲ್ಲಿ ಆಕೆಯ ಬಯಕೆ ತೀರಿಸುವುದೇ ಚರಗ. ಸರಿ, ಆದರೆ ಹೊಲ ಎಲ್ಲಿದೆ? ಇದೆಯಲ್ಲ, ಕಟ್ಟಡದ ಹಿಂದೆ!

ಹುಣ್ಣಿಮೆಯ ಬೆಳಿಗ್ಗೆ ಮಾವನವರು ಐದು ಕಲ್ಲು ಇಟ್ಟು ಕುಂಕುಮ ಹಚ್ಚಿದರು. ತಲೆಗೆ ಟವೆಲು ಸುತ್ತಿ, ಬುಟ್ಟಿ ಹಿಡಿದು, “ಹುಲ್ಲುಲಿಗ್ಯೋ” ಎಂದು ಚರಗದ ಕೂಗು ಹಾಕುತ್ತ, ಬುಟ್ಟಿಯಲ್ಲಿದ್ದುದನ್ನು ಚೆಲ್ಲುತ್ತ ಮುಂದೆ ನಡೆದರು. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ, ಹತ್ತು ಜನ ಕೆಲಸಗಾರರ ಯಜಮಾನನಾದ ನಾನು! ವಾಕಿಂಗಿಗೆ ಹೊರಟ ಒಂದಿಡೀ ಗುಂಪು ನಿಂತು ನೋಡಿತು.

ಮನೆಗೆ ಬಂದು ಕಡಬು ಬಾಯಿಗಿಡುವಷ್ಟರಲ್ಲಿ ಸೊಸೈಟಿಯ ತುಂಬ ಸುದ್ದಿ: ಕನ್ನಡದ ಕಾಕಾ ಹಿತ್ತಲಲ್ಲಿ ಕರಣಿ, ಅಂದರೆ ಮಾಟ, ಮಾಡಿಸಿದ್ದಾರೆ. ಅಂದೇ ಕೆಲಸಕ್ಕೆ ಬಂದ ಜೆಸಿಬಿ ಡ್ರೈವರು ಕುಂಕುಮದ ಕಲ್ಲು ನೋಡಿದವನೇ ರಿವರ್ಸ್ ಹಾಕಿಕೊಂಡು ಹೋಗಿದ್ದ. ಮಧ್ಯಾಹ್ನವೇ ಸಭೆ ಕರೆದರು. ಪುಣೆಯಂಥ ಪುಣೆಯಲ್ಲಿ ಇದೇನು ಅನಾಚಾರ ಎಂದು ಸೆಕ್ರೆಟರಿ ಸಾಹೇಬರು ಗುಡುಗಿದರು. ನನಗಂತೂ ನೆಲ ಬಾಯ್ಬಿಡಬಾರದೇ ಎನಿಸಿತು.

ಮಾವನವರು ನಿಧಾನವಾಗಿ ಎದ್ದರು. ಅವರ ಮರಾಠಿ ಅಷ್ಟಕ್ಕಷ್ಟೇ. ಆದರೆ ಸೀಮಂತದ ಊಟಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂಬುದು ಗೊತ್ತಿತ್ತು. “ಡೋಹಾಳಜೇವಣ,” ಎಂದು ಅದೊಂದೇ ಶಬ್ದ ಹೇಳಿ, ಹಿತ್ತಲ ಕಡೆ ಕೈ ಮಾಡಿ, ಎರಡೂ ಅಂಗೈಯಿಂದ ಗಾಳಿಯಲ್ಲಿ ಒಂದು ತುಂಬಿದ ಹೊಟ್ಟೆ ಬಿಡಿಸಿ ತೋರಿಸಿ, ಕೈ ಮುಗಿದು ಕೂತರು.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಆಮೇಲೆ ಸೆಕ್ರೆಟರಿಯವರ ಹೆಂಡತಿಯೇ ಎದ್ದು ನಿಂತರು. ಗೌರಿ ಹಬ್ಬದ ಪೂಜೆಗೆ ನಾವು ತೇರಡಾ ತಂದದ್ದು ಇದೇ ಜಾಗದಿಂದ ಎಂದರು. ಡೋಹಾಳಜೇವಣ ಉಣಿಸಿದ ಬಸುರಿಯ ಮೇಲೆ ಜೆಸಿಬಿ ಹಾಯಿಸುತ್ತೀರಾ ಎಂದು ಗಂಡನನ್ನೇ ಕೇಳಿದರು. ಸಭೆ ಮುಗಿಯಿತು. ಪೇವರ್ ಬ್ಲಾಕುಗಳು ಕಟ್ಟಡದ ಮುಂದೆ ಕುಂಡಗಳಿದ್ದ, ಆ ಊಟವಿಲ್ಲದ ಮಂಟಪದ ಜಾಗಕ್ಕೆ ಹೋದವು. ಹಿಂದಿನ ಪಟ್ಟಿಯ ಬೀಜ ಒಣಗಿದ ಮೇಲೆ ಹೆಂಗಸರೇ ಅವನ್ನು ಕೂಡಿಸಿ, ಅರ್ಧ ಅಲ್ಲಿಯೇ ಚೆಲ್ಲಿ, ಉಳಿದರ್ಧವನ್ನು ಪಕ್ಕದ ಸೊಸೈಟಿಯ ಗೆಳತಿಯರಿಗೆ ಬಾಗಿನದಂತೆ ಹಂಚಿದರು. ಮಾಳಿ ಈಗ ಮಾವನವರನ್ನು ಕೇಳದೆ ಮಷೀನು ಮುಟ್ಟುವುದಿಲ್ಲ.

ಎಲ್ಲ ಸುಸೂತ್ರವಾದ ಮೇಲೆ ಒಂದು ಬೆಳಿಗ್ಗೆ ನಾನು ಕೆಳಗಿಳಿದು ಬಂದರೆ ಮಾವನವರು ಗೇಟಿನ ಹತ್ತಿರ ನಿಂತಿದ್ದರು. ಕಾಲ ಬಳಿ ಆ ಚೀಲ.

“ಅಳಿಯಂದ್ರ, ಮರಿ ಹಾರಿ ಹೋದುವು. ಈಗ ಮುಚ್ಚರಿ ನಿಮ್ಮ ತೂತು.” ಚೀಲದ ಕಡೆ ಬಾಗುತ್ತ ಅಂದರು: “ನನ್ನ ಕಣ್ಣೂ ನೆಟ್ಟಗಾದುವು. ಹುಳಾ ಆದ್ರೂ ಕೆಲಸ ಮುಗದ ಮ್ಯಾಲ ಇನ್ನೊಬ್ಬರ ಮನ್ಯಾಗ ಇರೂದಿಲ್ರಿ.”

ಜೇಬಿಗೆ ಕೈ ಹಾಕಿದೆ. ಟೋಪಿ ಅಲ್ಲಿಯೇ ಇತ್ತು. ನನ್ನ ಗೇಟು, ನನ್ನ ಕೈಕೆಲಸ. ಅದರ ಮೈಮೇಲಿನ ಒಂದೇ ಒಂದು ಊನ ಆ ತೂತು. ಪೈಪಿನೊಳಗೆ ಇಣುಕಿದೆ. ಒಣಗಿದ ಎಲೆಯ ತೊಟ್ಟಿಲು ಖಾಲಿ ಬಿದ್ದಿತ್ತು. ಟೋಪಿಯನ್ನು ಜೇಬಿನಲ್ಲೇ ಬಿಟ್ಟೆ.

“ಬರೂ ಮಳಿಗಾಲಕ್ಕ ಅವು ತಿರುಗಿ ಬರ್ತಾವಲ್ರಿ ಮಾವಾರ,” ಎಂದೆ. “ನಾ ಚಾಕಣಕ್ಕ ಹೋಗಾವ. ಹಗಲೆಲ್ಲಾ ಅವನ್ನ ಯಾರು ನೋಡ್ಕೋಬೇಕು?”

ಅವರು ಹೊಸ ಕಣ್ಣುಗಳಿಂದ ನನ್ನನ್ನು, ಇಷ್ಟು ದಿನದಲ್ಲಿ ಮೊದಲ ಬಾರಿಗೆ, ಒಂದು ಹೂವನ್ನು ನೋಡುವ ಹಾಗೆ ನೋಡಿದರು. ನಾನು ಚೀಲ ಎತ್ತಿಕೊಂಡು ಮೇಲೆ ಬಂದು, ಒಳಗಿನ ಅಂಗಿಗಳನ್ನು ಒಂದೊಂದಾಗಿ ಕಪಾಟಿನಲ್ಲಿ ನನ್ನ ಅಂಗಿಗಳ ಪಕ್ಕ ಇಟ್ಟೆ.

ಗೇಟು ನೋಡಲು ಗಿರಾಕಿಗಳು ಈಗಲೂ ಬರುತ್ತಾರೆ. ಕಣ್ಣು ಚುರುಕಿದ್ದವರು, ಇಲ್ಲೊಂದು ಟೋಪಿ ಇಲ್ಲವಲ್ಲ ಎಂದು ತೋರಿಸುತ್ತಾರೆ.

“ಇರ್ಲಿ ಬಿಡ್ರಿ,” ಎನ್ನುತ್ತೇನೆ. “ಬೀಗರು ಬರೂ ದಾರಿ ಅದು.”