ಭಾವ ಸಫಾರಿಗೆ ಹೊರಟಿದ್ದು

ನಮ್ಮ ಭಾವನ ಹುಲಿಗೆ ಈಗ ಮೂವತ್ತು ದಾಟಿದೆ. ಲೋಕದ ಹುಲಿಗಳೆಲ್ಲ ವಯಸ್ಸಾದಂತೆ ಬಡಕಲಾಗುತ್ತವಂತೆ. ಇವರ ಹುಲಿ ಮಾತ್ರ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಳ್ಳುತ್ತಿದೆ! ನಾನು ಹೈಸ್ಕೂಲಿನಲ್ಲಿದ್ದಾಗ ಅದು ಕರುವಿನಷ್ಟಿತ್ತು. ನನಗೆ ಕೆಲಸ ಸಿಗುವ ಹೊತ್ತಿಗೆ ಎತ್ತಿನಷ್ಟಾಗಿತ್ತು. ಹೋದ ದೀಪಾವಳಿಯಲ್ಲಿ ವಿಚಾರಿಸಿದಾಗ, ಎದ್ದು ನಿಂತರೆ ಬಸ್ಸಿನ ಕಿಟಕಿಗೆ ಮೂತಿ ತಾಗುತ್ತಿತ್ತು. ದೇವರ ದಯೆಯಿಂದ ಇನ್ನೊಂದು ಹತ್ತು ವರ್ಷ ಹೀಗೇ ನಡೆದರೆ ಟಾಪಿನ ಮೇಲಿನ ಲಗೇಜನ್ನೂ ಅದೇ ಇಳಿಸಿಕೊಡಬಹುದು.

ಭಾವ ಎಂದರೆ ನನ್ನ ಅಕ್ಕನ ಗಂಡ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗ ನಿವೃತ್ತರು ಎಂದು ಹೇಳಿಕೊಳ್ಳುತ್ತಾರೆ, ನಾವು ಯಾರೂ ಒಪ್ಪಿಲ್ಲ. ಮದುವೆ ಮನೆಗೆ ಹೋದರೆ ಊಟಕ್ಕೆ ಕೂತವರ ತಲೆ ಎಣಿಸುತ್ತಾರೆ. ಬಾಗಿಲಲ್ಲಿ ನಿಂತು ಹರಟುವವರಿಗೆ, "ಒಳಗೆ ನಡೀರಿ, ಹಿಂದೆ ಪೂರ್ತಿ ಖಾಲಿ ಇದೆ" ಎನ್ನುತ್ತಾರೆ. ಅಕ್ಕ ಮಿಕ್ಸಿ ನಿಲ್ಲಿಸಬೇಕಾದರೆ ಅಡುಗೆಮನೆಯ ಬಾಗಿಲಿಗೆ ಒಂದು ಸಲ ಬಡಿಯುತ್ತಾರೆ, ಮತ್ತೆ ಶುರುಮಾಡಬಹುದು ಎನ್ನಲು ಎರಡು ಸಲ. ಅಕ್ಕ ಇದಕ್ಕೆಲ್ಲ ಹೊಂದಿಕೊಂಡಿದ್ದಾಳೆ. ಹೊಂದಿಕೊಳ್ಳದೆ ಇದ್ದದ್ದು ಹುಲಿಗೆ ಮಾತ್ರ.

ಹುಲಿಯ ಕಥೆ ಇಷ್ಟೇ. ಅವರಿಗೆ ಮದುವೆಯಾದ ಹೊಸತು. ಬೆಳಗಿನ ಮೊದಲ ಟ್ರಿಪ್ಪು. ಮೇಗರವಳ್ಳಿ ದಾಟಿದ ಮೇಲೆ ಬಸ್ಸಿನ ಇಂಜಿನ್ ಬಿಸಿಯಾಗಿ ಹೊಗೆ ಬಂತು. ಡ್ರೈವರು ಭಾವನ ಕೈಗೆ ಕ್ಯಾನು ಕೊಟ್ಟು ನೀರು ತರಲು ಕಳಿಸಿದ. ಭಾವ ರಸ್ತೆ ಕೆಳಗಿನ ಹಳ್ಳಕ್ಕೆ ಇಳಿದರೆ ಆಚೆ ದಡದಲ್ಲಿ ಸಾಕ್ಷಾತ್ ಹುಲಿ ನೀರು ಕುಡಿಯುತ್ತಿದೆ! ಭಾವ ಅದನ್ನು ನೋಡಿದರು, ಅದು ಭಾವನನ್ನು ನೋಡಿತು. ಮುಂದಿನ ಭಾಗ ಕೇಳುವವರಿಗೆ ಎಷ್ಟು ಪುರುಸೊತ್ತಿದೆ ಎನ್ನುವುದರ ಮೇಲೆ ಹೋಗುತ್ತದೆ. ಅವಸರದಲ್ಲಿದ್ದವರಿಗೆ ಹುಲಿ ಸುಮ್ಮನೆ ಕಾಡಿಗೆ ಹೋಗುತ್ತದೆ, ಕಾಫಿ ಕುಡಿದು ಹೋಗುವವರಿಗೆ ಗುರ್ ಎನ್ನುತ್ತದೆ, ಊಟಕ್ಕೆ ನಿಂತವರಿಗಂತೂ ಹಳ್ಳವನ್ನೇ ಹಾರುತ್ತದೆ. ಬಸ್ಸಿನಲ್ಲಿದ್ದ ಅಷ್ಟು ಜನರಲ್ಲಿ ಇನ್ನೊಬ್ಬರು ನೋಡಿದ್ದರೆ ಮಾತು ಬೇರೆ. ಯಾರೂ ನೋಡಿರಲಿಲ್ಲ. ಭಾವ ಬರಿಗೈಯಲ್ಲಿ ಏದುಸಿರು ಬಿಡುತ್ತಾ ಬಂದದ್ದನ್ನು ಮಾತ್ರ ಎಲ್ಲರೂ ನೋಡಿದ್ದರು.

ಅವತ್ತು ಮನೆಗೆ ಬಂದು ಹೇಳಿದಾಗ ಹೊಸ ಮದುವಣಗಿತ್ತಿ ಕೇಳಿದ್ದು ಒಂದೇ ಪ್ರಶ್ನೆಯಂತೆ.

"ಯಾರ ಮನೆ ನಾಯಿ ಅದು?"

ಅಲ್ಲಿಂದ ಶುರುವಾದ ವ್ಯಾಜ್ಯ. ಭಾವ ಯಾರೆದುರು ಹುಲಿ ತೆಗೆದರೂ ಅಕ್ಕ ಒಳಗಿನಿಂದ, "ಬಾಲ ಅಲ್ಲಾಡಿಸ್ತಾ ಇತ್ತಂತೆ, ಅದನ್ನೂ ಹೇಳಿ" ಎನ್ನುತ್ತಿದ್ದಳು. ಭಾವನಿಗೆ ಬೇರೆ ಯಾರು ನಕ್ಕರೂ ಬೇಸರವಿಲ್ಲ, ಅಕ್ಕ ನಕ್ಕರೆ ಮಾತ್ರ ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಎದ್ದು ಹೋಗುತ್ತಿದ್ದರು.

ಹೋದ ವರ್ಷ ನಾನು ಸಾಗರದಿಂದ ಅವರ ಮನೆಗೆ ಹೋದಾಗ ಬಾಯಿ ತಪ್ಪಿ ಒಂದು ಮಾತಾಡಿದೆ. ಶಿವಮೊಗ್ಗದ ಹತ್ತಿರ ಸಫಾರಿ ಇದೆ, ಜಾಲರಿ ಹಾಕಿದ ವ್ಯಾನಿನಲ್ಲಿ ಕೂರಿಸಿ ಹುಲಿ, ಸಿಂಹಗಳ ನಡುವೆಯೇ ಕರೆದುಕೊಂಡು ಹೋಗುತ್ತಾರೆ, ನಾವು ನಾಲ್ಕು ಜನ ಹೋಗಿ ಬರೋಣ ಎಂದೆ. ನಾಲ್ಕು ಜನ ಎಂದರೆ ಅಕ್ಕ, ಭಾವ, ನಾನು, ನನ್ನ ಹೆಂಡತಿ. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಹೋಗಣ ಕಣೋ! ನಿಜವಾದ ಹುಲಿ ಎದುರಿಗೆ ಇವ್ರನ್ನ ನಿಲ್ಸಿ ಕೇಳ್ತೀನಿ. ನೀವು ಅವತ್ತು ನೋಡಿದ್ದು ಇದನ್ನೇನಾ ಅಂತ. ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಅಲ್ಲಿಗೆ ಮುಗೀತು."

"ಅದಕ್ಕೆಂತ, ಹೋಗಣ" ಎಂದರು ಭಾವ. ಆದರೆ ಆ ದನಿಯಲ್ಲಿ ಎಂದಿನ ಕಂಡಕ್ಟರು ಇರಲಿಲ್ಲ.

ಮರುದಿನದಿಂದ ಭಾವನ ತಯಾರಿ ಶುರುವಾಯಿತು. ತಯಾರಿಯೆಂದರೆ ಎಂಥ ತಯಾರಿ! ಮೊದಲು ಸಫಾರಿಯ ಕಚೇರಿಗೆ ಫೋನು ಮಾಡಿ, "ಹುಲಿ ಎಷ್ಟು ಗಂಟೆಗೆ ಬಿಡ್ತದೆ?" ಎಂದು ಕೇಳಿದರು. ಹಾಗೆಲ್ಲ ಹೇಳಲಿಕ್ಕೆ ಬರುವುದಿಲ್ಲ ಸಾರ್, ಅದು ಬಂದಾಗ ಬರುತ್ತದೆ ಎಂದು ಆ ಕಡೆಯವರು ಹೇಳಿದ್ದಕ್ಕೆ, "ಟೈಮಿಂಗ್ಸೇ ಇಲ್ದೆ ಹೆಂಗ್ರೀ ಓಡಿಸ್ತೀರಿ?" ಎಂದು ಬೈದು ಇಟ್ಟರು.

ಆಮೇಲೆ ರೂಟು. ಸಫಾರಿ ಇರುವುದು ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ. ನಾನು ಸಾಗರದವನು, ನೆಟ್ಟಗೆ ಹೋದರೆ ಮುಗಿಯಿತು. ಅವರಿಬ್ಬರು ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರಬಹುದು. ಭಾವ ಒಪ್ಪಲಿಲ್ಲ. ಟ್ರಿಪ್ಪು ಅವರ ಮನೆಯಿಂದಲೇ ಹೊರಡಬೇಕು. ಆದ್ದರಿಂದ ನಾನು ಸಾಗರ ಬಿಟ್ಟು, ಹೊಸನಗರದಲ್ಲಿ ಹತ್ತು ನಿಮಿಷ ಟೀ ಕಾಫಿಗೆ ನಿಲ್ಲಿಸಿ, ತೀರ್ಥಹಳ್ಳಿಗೆ ಹೋಗಿ ಅವರನ್ನು ಹತ್ತಿಸಿಕೊಂಡು, ಶಿವಮೊಗ್ಗ ಮುಟ್ಟಿ, ಅಲ್ಲಿಂದ ತಿರುಗಿ ಸಾಗರದ ಕಡೆಗೇ ಬರಬೇಕು! ಇದನ್ನು ಕೇಳಿದ ನನ್ನ ಹೆಂಡತಿ, "ಅಷ್ಟೊತ್ತಿಗೆ ಹುಲೀನೇ ನಮ್ಮನೆಗೆ ಬಂದು ಹೋಗಿರ್ತದೆ" ಎಂದಳು.

ಮುಂದಿನದು ನಿಯಮಾವಳಿ. ಕೆಂಪು ಸೀರೆ ಉಡಬಾರದು. ಬಳೆ ಸದ್ದು ಮಾಡಬಾರದು. ಮಲ್ಲಿಗೆ ಮುಡಿಯಬಾರದು.

"ಮಲ್ಲಿಗೆ ಎಂತಕ್ಕೆ ಬೇಡ? ಹುಲಿಗೆ ಶೀತ ಆಗ್ತದಾ?" ಎಂದಳು ಅಕ್ಕ.

"ವಾಸನೆಗೆ ಅದು ಹತ್ರ ಬರ್ತದೆ."

"ಹತ್ರ ಬರ್ಲಿ ಅಂತಲೇ ಅಲ್ವಾ ನಾವು ಹೋಗೋದು? ಇಲ್ಲಾಂದ್ರೆ ಮನೇಲೇ ಕೂತು ಕ್ಯಾಲೆಂಡರ್ ನೋಡ್ಬಹುದಲ್ಲ!"

ಇಷ್ಟು ಸಾಲದು ಎಂದು ಒಂದು ಭಾನುವಾರ ರಿಹರ್ಸಲ್ಲು ಬೇರೆ ಇಟ್ಟರು. ನಮ್ಮ ನಾಲ್ವರನ್ನೂ ನನ್ನ ಕಾರಿನಲ್ಲಿ ತುಂಬಿ, ಗಾಜು ಏರಿಸಿ, ಅವರ ಬೀದಿಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಲು ಹೇಳಿದರು. ಎದುರು ಮನೆಯವರ ಮೂರು ದನಗಳು ನಮ್ಮ ಪಾಲಿನ ವನ್ಯಪ್ರಾಣಿಗಳು. ಮಾತಾಡಬಾರದು, ಕೈ ತೋರಿಸಬಾರದು, ಸೀನು ಬಂದರೂ ತಡೆದುಕೊಳ್ಳಬೇಕು. ನಾವು ಉಸಿರು ಬಿಗಿಹಿಡಿದು ದನಗಳನ್ನು ನೋಡಿದೆವು. ದನಗಳು ನಮ್ಮನ್ನು ಕನಿಕರದಿಂದ ನೋಡಿದವು. ಎದುರು ಮನೆಯ ಹೆಂಗಸು ಓಡಿ ಬಂದು ಗಾಜು ತಟ್ಟಿ ತಗ್ಗಿದ ದನಿಯಲ್ಲಿ ಕೇಳಿದರು:

"ಯಾರು ಹೋಗ್ಬಿಟ್ರು?"

ರಿಹರ್ಸಲ್ಲೂ ಆಯಿತು, ಇನ್ನೇನು ಹೊರಡುವುದೇ ಎಂದುಕೊಂಡರೆ ದಿನ ಮಾತ್ರ ಕೂಡಿಬರಲಿಲ್ಲ. ಮಳೆಗಾಲದಲ್ಲಿ ವ್ಯಾನಿನ ಗಾಜು ಮಂಜಾಗುತ್ತದೆ. ಚಳಿಗಾಲದಲ್ಲಿ ಪ್ರಾಣಿಗಳು ಪೊದೆ ಬಿಟ್ಟು ಬರುವುದಿಲ್ಲ. ಬೇಸಿಗೆಯಲ್ಲಿ ಹುಲಿಗೆ ಸಿಟ್ಟು ಜಾಸ್ತಿ. ಇವ್ಯಾವುದೂ ಇಲ್ಲದ ದಿನ ಭಾವನಿಗೆ ಸೊಂಟನೋವು. ಐದು ಸಲ ಗೊತ್ತು ಮಾಡಿದ ದಿನ ಐದು ಸಲವೂ ಮುಂದಕ್ಕೆ ಹೋಯಿತು. ಜೀವಮಾನದಲ್ಲಿ ಒಂದು ಟ್ರಿಪ್ಪೂ ತಪ್ಪಿಸದ ಕಂಡಕ್ಟರು!

ಆರನೆಯ ಸಲ ದಿನ ಗೊತ್ತಾದ ಮೇಲೆ ಭಾವ ನನ್ನನ್ನು ಹಿತ್ತಲಿಗೆ ಕರೆದರು. ಅತ್ತಿತ್ತ ನೋಡಿ ಕೇಳಿದರು.

"ಅಲ್ಲಿ ಹುಲಿ ಎಷ್ಟು ದೂರದಲ್ಲಿ ಕಾಣ್ತದೆ ಮಾರಾಯ?"

"ಹತ್ತಿರವೇ ಭಾವ. ನಸೀಬಿದ್ದರೆ ಕೈಯಳತೆಯಲ್ಲಿ."

"ಅಂದ್ರೆ… ಸರೀ ಗೊತ್ತಾಗ್ತದೆ."

"ಗೊತ್ತಾಗದೆ ಏನು?"

ಭಾವ ಸ್ವಲ್ಪ ಹೊತ್ತು ಕರಿಬೇವಿನ ಗಿಡದ ಎಲೆ ಕೀಳುತ್ತಾ ನಿಂತರು. ಬೇಕಾಗಿರಲಿಲ್ಲ, ಸುಮ್ಮನೆ ಕಿತ್ತರು. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಇವರಿಗೆ ಹುಲಿಯ ಹೆದರಿಕೆಯಲ್ಲ, ಅಕ್ಕನ ಪ್ರಶ್ನೆಯ ಹೆದರಿಕೆ. ಹಳ್ಳದ ಆಚೆ ಮುಂಜಾವಿನ ಮಬ್ಬಿನಲ್ಲಿ ಕಂಡದ್ದು ಏನು ಎಂದು ಇವರಿಗೇ ಈಗ ಖಾತ್ರಿಯಿಲ್ಲ! ಇಷ್ಟು ವರ್ಷ ಸಾಕಿದ ಹುಲಿ ನಿಜವಾದ ಹುಲಿಯ ಎದುರು ನಾಯಿಯಾಗಿಬಿಟ್ಟರೆ? ನಗುವ ಮನಸ್ಸಾಗಲಿಲ್ಲ. ಬೇಡವಾದರೆ ಬಿಡೋಣ ಭಾವ, ಕಾರು ಕೆಟ್ಟಿದೆ ಅನ್ನುತ್ತೇನೆ ಎಂದೆ.

"ಛೆ, ಛೆ. ಅವ್ಳು ಸೀರೆ ಇಸ್ತ್ರಿ ಮಾಡಿಟ್ಟಿದಾಳೆ" ಎಂದರು.

ಅಂತೂ ಹೋದೆವು. ಹೊಸನಗರದ ಟೀ ಕಾಫಿ ಸಮೇತ, ರೂಟು ಒಂದಿಂಚೂ ತಪ್ಪದಂತೆ. ಅಲ್ಲಿ ವ್ಯಾನು ಹತ್ತಿದ ಮೇಲೆ ಭಾವ ಅಭ್ಯಾಸಬಲದಿಂದ ತಲೆ ಎಣಿಸಿ, ಬಾಗಿಲು ಎಳೆದು, "ರೈಟ್!" ಎಂದರು. ಡ್ರೈವರು ಹೊರಟೇಬಿಟ್ಟ. ವ್ಯಾನಿನ ಸಿಬ್ಬಂದಿಯೊಬ್ಬ ಕೆಳಗೇ ಉಳಿದಿದ್ದನ್ನು ಆಮೇಲೆ ನೋಡಿ, ಹಿಂದೆ ಬಂದು ಹತ್ತಿಸಿಕೊಂಡದ್ದಾಯಿತು.

ಜಿಂಕೆ ಬಂತು, ಕಡವೆ ಬಂತು. ದೊಡ್ಡ ಗೇಟು ತೆರೆದು ಮುಚ್ಚಿತು. ಸಿಂಹಗಳು ಮಲಗಿದ್ದವು. ಇನ್ನೊಂದು ಗೇಟು ದಾಟಿ ತಿರುವಿನಲ್ಲಿ ವ್ಯಾನು ನಿಂತಿತು. ಬಿದಿರು ಮೆಳೆಯ ಬುಡದಿಂದ ಹುಲಿ ಎದ್ದಿತು. ಯಾವ ಅವಸರವೂ ಇಲ್ಲದೆ ನಡೆದು ಬಂದು ಭಾವನ ಕಿಟಕಿಯ ಕೆಳಗೇ ನಿಂತಿತು. ಮೀಸೆ ಎಣಿಸುವಷ್ಟು ಹತ್ತಿರ. ವ್ಯಾನಿನ ತುಂಬ ಮೊಬೈಲುಗಳು ಎದ್ದವು. ಭಾವ ಮಾತ್ರ ಜಾಲರಿ ಹಿಡಿದು ಕಲ್ಲಿನ ಹಾಗೆ ಕೂತಿದ್ದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಅಕ್ಕ ಪಕ್ಕದಲ್ಲೇ ಇದ್ದಳು. ಹುಲಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಬಾಯಿ ತೆರೆದವಳು ಮುಚ್ಚಿಕೊಂಡಳು. ಭಾವನೇ ಮೆಲ್ಲಗೆ ಹೇಳಿದರು. ಹಿಂದಿನ ಸೀಟಿನಲ್ಲಿದ್ದ ನನಗೆ ಕೇಳಿಸಿತು.

"ಇದಲ್ಲ ಕಣೆ. ಪಟ್ಟೆ ಇತ್ತೋ ಇಲ್ವೋ, ನಂಗೇ ಗೊತ್ತಿಲ್ಲ. ಕ್ಯಾನು ಬಿಟ್ಟು ಓಡ್ಬಿಟ್ಟಿದ್ದೆ."

ಅಷ್ಟರಲ್ಲಿ, ನಡೆದದ್ದು ಗೊತ್ತಿಲ್ಲದ ನನ್ನ ಹೆಂಡತಿ ಮೊಬೈಲಿನಿಂದ ತಲೆಯೆತ್ತಿ ಇಡೀ ವ್ಯಾನಿಗೆ ಕೇಳುವಂತೆ ಕೂಗಿದಳು: "ಏನ್ ಭಾವ, ನಿಮ್ಮ ಹುಲಿ ಇದೇನಾ?"

ಎಲ್ಲರೂ ತಿರುಗಿದರು. ಭಾವ ತಲೆ ತಗ್ಗಿಸಿದರು. ಮೂವತ್ತು ವರ್ಷದಿಂದ ಅಕ್ಕ ಕಾಯುತ್ತಿದ್ದ ಗಳಿಗೆ ಇದು. ನಾನು ಕಣ್ಣು ಮುಚ್ಚಿಕೊಂಡೆ.

"ಇದಾ?" ಎಂದಳು ಅಕ್ಕ, ವ್ಯಾನಿನ ಡ್ರೈವರಿಗೂ ಕೇಳುವಷ್ಟು ಗಟ್ಟಿಯಾಗಿ. "ಇದೆಂತದು, ಮರಿ! ನಮ್ಮನೆಯವ್ರು ಮೇಗರವಳ್ಳೀಲಿ ನೋಡಿದ್ದು ಇದರ ಎರಡರಷ್ಟಿತ್ತು."

ಜಾಲರಿ ಹಿಡಿದಿದ್ದ ಭಾವನ ಕೈಯ ಮೇಲೆ ಅವಳ ಕೈ ಇತ್ತು.

"ಅಷ್ಟೇನಿರ್ಲಿಲ್ಲ ಬಿಡೆ" ಎಂದರು ಭಾವ, ಸಣ್ಣ ದನಿಯಲ್ಲಿ.

"ನೀವು ಸುಮ್ನಿರಿ" ಎಂದಳು ಅಕ್ಕ. "ನೀವು ಅವತ್ತು ಹೆದರಿದ್ರಿ. ಸರಿಯಾಗಿ ನೋಡಿಲ್ಲ."