ಹದಿನೇಳನೆಯ ಡಬ್ಬ

ಒಟ್ಟು ಖರ್ಚು ಹನ್ನೊಂದು ಸಾವಿರದ ನಾಲ್ಕುನೂರು ರೂಪಾಯಿ. ಅಷ್ಟು ದುಡ್ಡಿಗೆ ನಾನು ಚೆನ್ನಾಗಿ ಓಡುವ ವೆಟ್ ಗ್ರೈಂಡರ್ ಒಂದನ್ನು ಮನೆ ಬಾಗಿಲಿಗೇ ತಂದು ಇಳಿಸುತ್ತಿದ್ದೆ, ಟೆಂಪೋ ಬಾಡಿಗೆ ಸೇರಿಸಿ! ಆದರೆ ನನ್ನ ಭಾವನಿಗೆ ಬೇಕಾಗಿದ್ದದ್ದು ಗ್ರೈಂಡರ್ ಅಲ್ಲ. ನನ್ನ ಅಕ್ಕ ಮತ್ತೆ ಹಾಡಬೇಕಾಗಿತ್ತು. ಅದಕ್ಕಾಗಿ ಅವರು ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಲು ಕೂತರು. ಒಂದಲ್ಲ, ಎರಡಲ್ಲ, ಹದಿನೇಳು. ಅದರಲ್ಲಿ ಹದಿನಾರು ನಪಾಸು!

ನಪಾಸು ಎಂದದ್ದು ನಾನಲ್ಲ, ಅವರೇ. ಭಾವ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಮಾಸ್ತರರು ನಿವೃತ್ತರಾಗಬಹುದು, ಅವರ ಕೆಂಪು ಪೆನ್ನು ಆಗುತ್ತದೆಯೇ? ಕಟ್ಟಿದ ಒಂದೊಂದು ಆಂಪ್ಲಿಫೈಯರಿಗೂ ಒಂದೊಂದು ಪ್ರಗತಿಪತ್ರ! 'ಡಬ್ಬ ಸಂಖ್ಯೆ ನಾಲ್ಕು. ನಡತೆ: ತೃಪ್ತಿಕರವಲ್ಲ. ಫ್ರಿಜ್ ಶುರುವಾದಾಗಲೆಲ್ಲ ಕೆಮ್ಮುತ್ತಾನೆ.' 'ಡಬ್ಬ ಸಂಖ್ಯೆ ಏಳು. ಬುದ್ಧಿವಂತ, ಆದರೆ ಸದಾ ಗೊಣಗುತ್ತಾನೆ.' ಕೊನೆಯಲ್ಲಿ 'ಪೋಷಕರ ಸಹಿ' ಎಂದು ಒಂದು ಗೆರೆ. ಅದು ಅಕ್ಕನದು. ಹದಿನಾರೂ ಪತ್ರಗಳಲ್ಲಿ ಆ ಗೆರೆ ಖಾಲಿ.

ಇದೆಲ್ಲ ಶುರುವಾದದ್ದು ಭಾಂಡುಪಿನ ಭಜನಾ ಮಂಡಳಿಯಲ್ಲಿ. ಅಕ್ಕ ಅಲ್ಲಿ ಇಪ್ಪತ್ತು ವರ್ಷದಿಂದ ಮುಂದಿನ ಸಾಲಿನವಳು. ಹೋದ ವರ್ಷದ ನವರಾತ್ರಿಯಲ್ಲಿ ಅವಳ ಸ್ವರ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ ಹೋಯಿತು. ಪಾಪ, ಹಾರ್ಮೋನಿಯಂ ನುಡಿಸುವ ಮಾಮಿ ಶ್ರುತಿಯ ಮನೆ ಬದಲಿಸಿ ಬದಲಿಸಿ ಅವಳ ಬೆನ್ನು ಹಿಡಿದು ಓಡಿದರು, ಬಿಟ್ಟುಹೋದ ಲೋಕಲ್ ರೈಲಿನ ಹಿಂದೆ ಓಡಿದ ಹಾಗೆ! ಅಕ್ಕನ ಕಿವಿ ಮಂದವಾಗಿದೆ ಎಂದು ಆ ದಿನ ಎಲ್ಲರಿಗೂ ಗೊತ್ತಾಯಿತು. ಮರುವಾರದಿಂದ ಅಕ್ಕನಿಗೆ ಮೊಣಕಾಲು ನೋವು, ಭಜನೆಗೆ ರಜೆ.

ಕಿವಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ಭಾವ ಹೇಗೋ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಮಿಷನ್ ಕೊಡಿಸಿದರು. ಅದು ಅಡುಗೆಮನೆಯಲ್ಲಿ ಸಾಸಿವೆ ಡಬ್ಬದ ಹಿಂದೆ ಸೇರಿತು.

"ಅದೆಲ್ಲ ಮುದುಕಿಯರಿಗೆ," ಎಂದಳು ಅರುವತ್ತಮೂರರ ಅಕ್ಕ.

ಭಾವ ವಾದ ಮಾಡಲಿಲ್ಲ. ಮಾಸ್ತರಿಕೆಯ ಉಪಾಯ ಹೂಡಿದರು. "ನಾನೊಂದು ಆಂಪ್ಲಿಫೈಯರ್ ಕಟ್ತೇನೆ, ಮೈಕಿಗೆ ಬಿದ್ದ ಸ್ವರವನ್ನು ಹೆಡ್‌ಫೋನಿನಲ್ಲಿ ದೊಡ್ಡದು ಮಾಡಿ ಕೇಳಿಸುವಂಥದ್ದು. ಅದಕ್ಕೆ ಒಬ್ಬರು ಪರೀಕ್ಷಕರು ಬೇಕು. ಸಂಗೀತ ಗೊತ್ತಿದ್ದವರೇ ಆಗಬೇಕು. ಈ ಬಿಲ್ಡಿಂಗಿನಲ್ಲಿ ನಿನ್ನನ್ನು ಬಿಟ್ಟರೆ ಯಾರಿದ್ದಾರೆ?"

ನೋಡಿದಿರಾ! ಕಿವಿಗೆ ಮಿಷನ್ ಹಾಕಿಕೊಂಡರೆ ಮುದುಕಿ, ಹೆಡ್‌ಫೋನ್ ಹಾಕಿಕೊಂಡರೆ ಪರೀಕ್ಷಕಿ. ನಲವತ್ತು ವರ್ಷ ವ್ಯಾಪಾರ ಮಾಡಿದ ನನಗೇ ಇಂಥ ಮಾರಾಟ ಮಾಡಲು ಬರುವುದಿಲ್ಲ.

ಸಾಮಾನು ಕೊಳ್ಳಲು ಲ್ಯಾಮಿಂಗ್ಟನ್ ರೋಡಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನನ್ನದು ಮುಚ್ಚಿದ ಹೋಟೆಲುಗಳ ಹಳೆಯ ಸಾಮಾನು ಕೊಂಡು ಮಾರುವ ಕಸುಬು. ಚೌಕಾಸಿ ನನ್ನ ಮಾತೃಭಾಷೆ. ಆದರೆ ಭಾವನ ಜೊತೆ ಚೌಕಾಸಿ ಮಾಡುವುದು ಹೇಗೆ? ನಾನು "ಈ ಮಾಲು ಬೇಡ, ಪಕ್ಕದ ಅಂಗಡಿಗೆ ಹೋಗುವ" ಎಂದು ಮುಖ ತಿರುಗಿಸಿದರೆ, ಅವರು ಆ ಮಾಲನ್ನೇ ಅಂಗೈಯಲ್ಲಿಟ್ಟುಕೊಂಡು "ಎಷ್ಟು ಚಂದ ಉಂಟು ನೋಡು ಮಾರಾಯಾ!" ಎನ್ನುತ್ತಿದ್ದರು. ಮುಗಿಯಿತಲ್ಲ! ಎರಡು ರೂಪಾಯಿಯ ಕೆಪಾಸಿಟರನ್ನು ಮೀಟರು ಹಿಡಿದು, ಬೆಳಕಿಗೆ ಹಿಡಿದು, ಮೂಸಿ ನೋಡಿ ಆರಿಸುವುದನ್ನು ಕಂಡು ಅಂಗಡಿಯವನೇ ಒಮ್ಮೆ ಕೇಳಿದ: "ಮಾಸ್ಟರ್‌ಜೀ, ಕೆಪಾಸಿಟರ್ ಲೇನಾ ಹೈ ಯಾ ದಾಮಾದ್?" ಕೆಪಾಸಿಟರ್ ಬೇಕೋ, ಅಳಿಯ ಬೇಕೋ ಎಂದು!

ನಿಜ ಹೇಳಬೇಕೆಂದರೆ, ಮಗಳಿಗೆ ಗಂಡನ್ನು ಆರಿಸುವಾಗ ಭಾವ ಇದರ ಅರ್ಧದಷ್ಟೂ ನೋಡಿರಲಿಲ್ಲ.

ಮೊದಲ ಆಂಪ್ಲಿಫೈಯರು ಸಾಬೂನಿನ ಪ್ಲಾಸ್ಟಿಕ್ ಡಬ್ಬದಲ್ಲಿ ಹುಟ್ಟಿತು. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ಗಂಭೀರವಾಗಿ ಕೇಳಿದಳು. "ನೋಡಿ, ಇದರಲ್ಲಿ ಬನಿಯನ್ ಜಾಹೀರಾತು ಬರ್ತಾ ಉಂಟು." ರೇಡಿಯೋ ಸ್ಟೇಷನ್ನೊಂದು ಹೇಳದೆ ಕೇಳದೆ ಒಳಗೆ ನುಗ್ಗಿತ್ತು! ಮೂರನೆಯದು ಕರೆಂಟಿನ ಅಡಾಪ್ಟರಿನಿಂದ ಗುಂಯ್ ಎಂದಿತು. ಭಾವ ಬ್ಯಾಟರಿ ಹಾಕಿದರು. ಐದನೆಯದು ತೆಪ್ಪಗೆ ಕೂತಿತು, ಪೂರ್ತಿ ತೆಪ್ಪಗೆ. ಒಂಬತ್ತನೆಯದರಲ್ಲಿ ಹೊಗೆ ಬಂತು. ಅಕ್ಕನ ವರದಿ: "ಸ್ವರ ಬರಲಿಲ್ಲ, ವಾಸನೆ ಚೆನ್ನಾಗಿ ಬಂತು."

ಹದಿನಾರು ನಪಾಸಾದ ಮೇಲೆ ಅಕ್ಕ ನನಗೆ ಫೋನ್ ಮಾಡಿದಳು. "ತಮ್ಮಾ, ನವರಾತ್ರಿಗೆ ಮನೆ ಚೊಕ್ಕ ಮಾಡಬೇಕು. ನಿನ್ನ ಟೆಂಪೋ ತೆಗೆದುಕೊಂಡು ಬಾ. ಇವರ ಮೇಜಿನ ಮೇಲಿನದ್ದೆಲ್ಲ ತೂಕಕ್ಕೆ ಹಾಕು."

ಗೋರೆಗಾಂವ್‌ನಿಂದ ಹೋದೆ, ತಕ್ಕಡಿ ಸಮೇತ. ಭಾವ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಮುಖ ನೋಡಿದೆ. ಹಳೆಯ ಸಾಮಾನು ಕೊಳ್ಳುವವನು ಮಾರುವವನ ಮುಖ ನೋಡಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ. ನೋಡಿ ಕೆಟ್ಟೆ.

"ಭಾವ, ನಿಮ್ಮ ತಪ್ಪು ವಿಜ್ಞಾನದಲ್ಲಿಲ್ಲ, ಡಬ್ಬದಲ್ಲಿ," ಎಂದೆ. ಪರೇಲಿನಲ್ಲಿ ಮುಚ್ಚಿದ ಹೋಟೆಲಿನಿಂದ ತಂದ ದಪ್ಪ ಸ್ಟೀಲಿನ ಸಾಂಬಾರುಪುಡಿ ಡಬ್ಬ ಟೆಂಪೋದಲ್ಲಿತ್ತು. ಸ್ಟೀಲಿನ ಗೋಡೆ ದಾಟಿ ಯಾವ ಬನಿಯನ್ನಿನವನು ಬರುತ್ತಾನೆ? ಗೊತ್ತಿದ್ದ ವರ್ಕ್‌ಶಾಪಿನಲ್ಲಿ ತೂತು ಕೊರೆಸಿಕೊಟ್ಟೆ. ಭಾವ ಹೊರಗೊಂದು ಪುಟ್ಟ ಮೈಕು, ಒಳಗೆ ಉಳಿದದ್ದು ಎಲ್ಲ ಕೂರಿಸಿ, ಸ್ವರ ಇಷ್ಟರ ಮೇಲೆ ಏರದ ಹಾಗೆ ಬಿಗಿ ಮಾಡಿದರು.

ಅಕ್ಕ ಹೆಡ್‌ಫೋನ್ ಹಾಕಿಕೊಂಡಳು. ಅಡುಗೆಮನೆಯ ಕಡೆ ಕಿವಿ ಕೊಟ್ಟಳು. ಆಮೇಲೆ, "ಕುಕ್ಕರಿನ ಸೀಟಿಗೂ ಶ್ರುತಿ ಉಂಟು ಅಲ್ವಾ?" ಎಂದಳು. ಹೆಡ್‌ಫೋನ್ ತೆಗೆದ ಮೇಲೆ ಸೇರಿಸಿದಳು, "ಇಂಗಿನ ವಾಸನೆ ಮಾತ್ರ ಹೋಗಲಿಲ್ಲ."

ಗೆದ್ದೆವು ಎಂದುಕೊಂಡಿರಾ? ನಾವೂ ಹಾಗೆಯೇ ಅಂದುಕೊಂಡೆವು.

ಮಹಾನವಮಿ ಸಂಜೆ ಭಜನೆ. ಅಕ್ಕ ವರ್ಷದ ಮೇಲೆ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು, ಮಡಿಲಲ್ಲಿ ಡಬ್ಬ. ಹೆಡ್‌ಫೋನಿನ ಪಿನ್ನು ಚುಚ್ಚಿದಳು. ಹೆಡ್‌ಫೋನಿನ ಒಂದು ಬದಿ ಸತ್ತಿತ್ತು. ಇನ್ನೊಂದರಲ್ಲಿ ಹಪ್ಪಳ ಕರಿಯುವ ಸದ್ದು! ಭಾವ ಅಲ್ಲೇ ಡಬ್ಬ ಬಿಚ್ಚಿದರು. ಬ್ಯಾಟರಿ ಬದಲಿಸಿದರು. ಬೆವರಿದರು. "ಕೆಪಾಸಿಟರ್ ಕೈಕೊಟ್ಟಿತು, ಕಾಣ್ತದೆ," ಎಂದರು. ಹಾರ್ಮೋನಿಯಂ ಮಾಮಿ ಎರಡು ಸಲ ಶ್ರುತಿ ಹಿಡಿದು ಬಿಟ್ಟರು.

ಅಕ್ಕ ನಿಧಾನ ಎದ್ದಳು. "ಬಿಡಿ. ನಾನು ಹಿಂದೆ ಕೂತು ತಾಳ ಹಾಕ್ತೇನೆ."

ಮುಂದಿನ ಸಾಲಿನವರು ಒಮ್ಮೆ ಹಿಂದೆ ಹೋದರೆ ಮತ್ತೆ ಮುಂದೆ ಬರುವುದಿಲ್ಲ ಎಂದು ನನಗೂ ಗೊತ್ತು, ಭಾವನಿಗೂ ಗೊತ್ತು. ನಾನು ಡಬ್ಬ ಕಿತ್ತುಕೊಂಡು ನೋಡಿದೆ. ಒಳಗಲ್ಲ, ಹೊರಗೆ. ಪಿನ್ನು ಚುಚ್ಚುವ ತೂತಿನ ಅಂಚಿನಲ್ಲಿ ಒಣಗಿದ ಹಳದಿ, ಅದರ ಮೇಲೆ ಕೆಂಪು.

"ಅಕ್ಕಾ, ಬೆಳಿಗ್ಗೆ ಆಯುಧಪೂಜೆ ಮಾಡಿದೆಯಾ?"

"ಮಾಡದೆ ಇರ್ತಾರಾ? ಮಿಕ್ಸಿ, ಕತ್ತಿ, ಇವರ ಡಬ್ಬ, ಎಲ್ಲದಕ್ಕೂ ಗಂಧ ಕುಂಕುಮ ಇಟ್ಟೆ. ಡಬ್ಬಕ್ಕೆ ಎರಡು ಗುಂಡಿ ಕಣ್ಣಿನ ಹಾಗೆ ಇತ್ತು. ಮೇಲಿನ ತೂತು ಸರಿಯಾಗಿ ಹಣೆಯ ಜಾಗದಲ್ಲಿ..."

ನಲವತ್ತು ವರ್ಷದಲ್ಲಿ ನಾನು ಕೊಂಡ ಕೆಟ್ಟ ಮಿಕ್ಸಿಗಳಲ್ಲಿ ಅರ್ಧಕ್ಕರ್ಧ ಕೆಟ್ಟವಲ್ಲ, ಪೂಜೆಯಾದವು! ಸ್ವಿಚ್ಚಿನ ಸಂದಿಯ ಕುಂಕುಮ ಕೆರೆದು ಎರಡು ಪಾಲು ಬೆಲೆಗೆ ಮಾರಿದ್ದೇನೆ. ಊದುಬತ್ತಿಯ ಕಡ್ಡಿಗೆ ದೀಪದ ಹೂಬತ್ತಿಯ ಹತ್ತಿ ಸುತ್ತಿ, ಮಾಮಿಯ ಪರ್ಸಿನ ಸ್ಯಾನಿಟೈಸರಿನಲ್ಲಿ ಅದ್ದಿ, ತೂತಿನೊಳಗೆ ನಾಲ್ಕು ಸಲ ತಿರುಗಿಸಿದೆ. ಊದಿದೆ. ಆರಲು ಬಿಟ್ಟೆ. ಚುಚ್ಚಿದೆ.

ಮಾಮಿ ಶ್ರುತಿ ಹಿಡಿದರು. ಅಕ್ಕ ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಹಾರ್ಮೋನಿಯಂ ಆ ದಿನ ಎಲ್ಲಿಗೂ ಓಡಬೇಕಾಗಲಿಲ್ಲ! ನಾಲ್ಕು ಭಜನೆ, ಮೇಲೆ ಮಂಗಳ. ಸಭೆ ಚಪ್ಪಾಳೆ ತಟ್ಟಿತು, ಅದೂ ಅವಳಿಗೆ ಕೇಳಿಸಿತು.

ಭಾವ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿದ್ದರು. ಪಕ್ಕ ಕೂತು ಕೇಳಿದೆ: "ಆಂಪ್ಲಿಫೈಯರ್ ಹೇಗುಂಟು ಭಾವ? ಎಷ್ಟು ಮಾರ್ಕು?"

"ನನಗೆ ಎಂತ ಗೊತ್ತು? ಅದು ಅವಳ ಕಿವಿಯಲ್ಲಿ ಉಂಟಲ್ಲ," ಎಂದರು. ಆಮೇಲೆ ಮುಂದಿನ ಸಾಲಿನ ಕಡೆ ಗದ್ದ ತೋರಿಸಿ, "ನನಗೆ ಅವಳ ಸ್ವರ ಕೇಳಿತಲ್ಲ ಮಾರಾಯಾ. ಒಂದು ವರ್ಷ ಆಗಿತ್ತು."

ಮರುದಿನ ಹೋದಾಗ ಮೇಜಿನ ಮೇಲೆ ಹದಿನೇಳನೆಯ ಪ್ರಗತಿಪತ್ರ ಇತ್ತು. ಪೋಷಕರ ಸಹಿಯ ಗೆರೆಯ ಮೇಲೆ ಅಕ್ಕನ ದುಂಡು ಅಕ್ಷರ. ಮಾಸ್ತರರ ಹಣೆಯ ಮೇಲೆ ಒಂದು ದೊಡ್ಡ ಗಂಧದ ಬೊಟ್ಟು.

ಆದ್ದರಿಂದ ಓದುಗರೇ, ನನ್ನ ಮಾತು ಕೇಳಿ. ಕಿವಿಯ ತೊಂದರೆಗೆ ಮೊದಲು ಡಾಕ್ಟರರನ್ನು ನೋಡಿ, ಭಾವಂದಿರು ಆಮೇಲೆ. ಕೆಪಾಸಿಟರ್ ಕೊಳ್ಳುವಾಗ 'ಚಂದ ಉಂಟು' ಎನ್ನುವವರನ್ನು ಅಂಗಡಿಯ ಹೊರಗೆ ನಿಲ್ಲಿಸಿ. ಡಬ್ಬ ಸ್ಟೀಲಿನದೇ ಇರಲಿ, ಬೇಕಿದ್ದರೆ ನನ್ನಲ್ಲಿ ಇನ್ನೂ ಆರು ಇವೆ. ಆಯುಧಪೂಜೆ ಖಂಡಿತ ಮಾಡಿ, ಆದರೆ ಗುಂಡಿಗೆ, ತೂತಿಗೆ ಗಂಧ ಹಚ್ಚಬೇಡಿ. ಕಟ್ಟಿದವನ ಹಣೆಗೆ ಹಚ್ಚಿ. ಅಲ್ಲಿ ಎಷ್ಟು ಹಚ್ಚಿದರೂ ಕನೆಕ್ಷನ್ ಕೆಡುವುದಿಲ್ಲ.