ಚಿಕ್ಕಪ್ಪನ ಬೆನ್ನಿಗೊಂದು ಕಂಡಿಕೆ

ನಮ್ಮ ಚಿಕ್ಕಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಜನರೇ ಈಚೆಗೆ ಮೆತ್ತಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದಾರೆ! ಇದು ನನ್ನ ಮಾತಲ್ಲ, ಅವರದೇ. ಹಿಂದೂಪುರದ ಕಾಗೆಗಳಿಗೂ ಈಗ ಮೊದಲಿನ ಗಂಟಲಿಲ್ಲವಂತೆ. ಒಮ್ಮೆ ಚಿಕ್ಕಮ್ಮ ಕುಕ್ಕರು ನೋಡಿಕೊಳ್ಳಲು ಹೇಳಿ ಹಾಲು ತರಲು ಹೋದರು. ಅದು ಬೀದಿ ಕೊನೆಯವರೆಗೂ ಕೇಳಿಸುವಂತೆ ಸೀಟಿ ಹೊಡೆದು ಹೊಡೆದು ದಣಿಯಿತು. ಎದುರಿಗೇ ಕೂತಿದ್ದ ಚಿಕ್ಕಪ್ಪ ಪೇಪರ್ ಓದುತ್ತಿದ್ದರು. ಮನೆ ತುಂಬ ಹೊಗೆಯಾದಾಗ ಎದ್ದು, ಹೊರಗಿನಿಂದ ಬಂದ ನನಗೆ ಹೇಳಿದರು: "ಒಂದು ಸೀಟಿನಾದ್ರೂ ಹೊಡೀತಾ ನೋಡು! ಸುಮ್ಕೆ ಕೂತಿದ್ದು ಬ್ಯಾಳೆ ಸೀದ್ಬುಡ್ತು. ಮೋಸದ ಕುಕ್ಕರು ಕಣಮ್ಮ!"

ಇಷ್ಟು ವರ್ಷ ಮನೆಯವರಿಗೆ ಗೊತ್ತೇ ಆಗಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು ಹೇಳಿ? ಮನೆಯ ಹಿಂದೆಯೇ ನಮ್ಮ ಮಗ್ಗದ ಶೆಡ್ಡು. ಪವರ್ ಲೂಮುಗಳೆಲ್ಲ ಒಟ್ಟಿಗೆ ಶುರುವಾದರೆ ಅಲ್ಲಿ ಯಾರ ಕಿವಿಯೂ ಕೆಲಸಕ್ಕೆ ಬಾರದು. ಎರಡು ಬೆರಳು ಎತ್ತಿದರೆ ಎಳೆ ಕಡಿದಿದೆ ಎಂದು. ಹೆಬ್ಬೆರಳು ಬಾಯಿಗೆ ಹೋದರೆ ಟೀ ಬಂದಿದೆ ಎಂದು. ಮೀಸೆ ತಿರುವಿದರೆ ಸಾವುಕಾರರು ಬಂದಿದ್ದಾರೆ ಎಂದು. ಮಿಕ್ಕ ಮಾತೆಲ್ಲ ತುಟಿ ನೋಡಿಯೇ. ಚಿಕ್ಕಪ್ಪನಂತೂ ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯವರು ಪಿಸುಗುಟ್ಟಿದ ಬೀಗರ ಜಗಳವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದರು. ಎಲ್ಲರೂ ಕಿವುಡರಾಗಿರುವ ಜಾಗದಲ್ಲಿ ಒಬ್ಬರು ನಿಜವಾಗಿಯೇ ಕಿವುಡರಾದರೆ ಕಂಡುಹಿಡಿಯುವವರು ಯಾರು!

ಬೆನ್ನು ತಿರುಗಿಸಿ ನಿಂತವರನ್ನು ಕರೆಯಲು ಮಾತ್ರ ಶೆಡ್ಡಿನಲ್ಲಿ ಬೇರೆ ಉಪಾಯವಿದೆ: ಕಂಡಿಕೆ. ನೂಲು ಸುತ್ತಿ ಲಾಳಿಯೊಳಗೆ ಇಡುವ ಕಡ್ಡಿ ಅದು. ನೂಲು ಮುಗಿದ ಖಾಲಿ ಕಂಡಿಕೆಯೊಂದನ್ನು ಮೆಲ್ಲಗೆ ಬೆನ್ನಿಗೆ ಎಸೆದರೆ "ಇಲ್ಲಿ ನೋಡು" ಎಂದರ್ಥ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತಿರುಗಿ ನೋಡುತ್ತಾರೆ, ಕಂಡಿಕೆ ಎತ್ತಿಕೊಡುತ್ತಾರೆ, ಅಷ್ಟೆ.

ಚಿಕ್ಕಪ್ಪ ಈ ಪದ್ಧತಿಯನ್ನು ಮನೆಯೊಳಕ್ಕೂ ತಂದರು. ಅವರ ಜೇಬಿನಲ್ಲಿ ಸದಾ ನಾಲ್ಕಾರು ಕಂಡಿಕೆ. ಕಾಫಿ ಬೇಕಾದರೆ ಚಿಕ್ಕಮ್ಮನ ಬೆನ್ನಿಗೊಂದು. ಟೀವಿಗೆ ಅಡ್ಡ ಬಂದರೆ ನನ್ನ ಬೆನ್ನಿಗೊಂದು. ಇದೂ ಹೋಗಲಿ ಎನ್ನಿ. ನನ್ನನ್ನು ನೋಡಲು ಸೋಮಂದೇಪಲ್ಲಿಯಿಂದ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಊಟ ಮಾಡಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಟವಲ್ಲು ಹಿಡಿದು ಹಿಂದೆ ನಿಂತಿದ್ದ ಚಿಕ್ಕಪ್ಪ ಅವರನ್ನು ಕರೆಯಬೇಕಲ್ಲ? ಕರೆದರು! ಅದು ಹೋಗಿ ಬೋಳುತಲೆಗೆ ಬಡಿದು ಟಣ್ ಎಂದು ಚಿಮ್ಮಿತು. ಸಂಬಂಧವೂ ಅದರ ಹಿಂದೆಯೇ ಚಿಮ್ಮಿ ಹೋಯಿತು.

"ಟವಲ್ ಕೊಡಾನ ಅಂತ ಕರುದ್ರೆ ಅಷ್ಟು ಕ್ವಾಪಾನಾ? ನೇಯೋರ ಮನೆತನವೇ ಅಲ್ಲ ಅವ್ರು. ತಪ್ಪಿದ್ದೇ ಒಳ್ಳೇದಾಯ್ತು ಬಿಡಮ್ಮ!" ಎಂದು ಚಿಕ್ಕಪ್ಪ ನನಗೇ ಸಮಾಧಾನ ಹೇಳಿದರು.

ಮದುವೆ ತಪ್ಪಿತಲ್ಲ, ನಾನು ಡಿಗ್ರಿಯ ಮೇಲೆ ಇನ್ನೊಂದು ತರಬೇತಿಗೆ ಸೇರಿದೆ. ವಿಕಲಚೇತನ ಮಕ್ಕಳಿಗೆ ಪಾಠ ಹೇಳಲು ಕಲಿಸುವ ತರಬೇತಿ. ಕಲ್ಯಾಣದುರ್ಗದಲ್ಲಿ, ವಾರಕ್ಕೊಂದು ದಿನ. ಅಲ್ಲಿನ ಮೇಡಂ ಕೊನೆಗೆ ಒಂದು ಕೆಲಸ ಕೊಟ್ಟರು. "ಬರೆದು ತರಬೇಡಿ. ನೀವು ಕಲಿತದ್ದನ್ನು ಚಿತ್ರವೋ ಬೊಂಬೆಯೋ ಮಾಡಿ ತನ್ನಿ. ಕೈಗೆ ಬಂದದ್ದು ಏನೆಂದು ನೋಡೋಣ" ಎಂದರು.

ನಾನು ಓದಿದವಳಲ್ಲವೇ? ದೊಡ್ಡದೊಂದು ಕಿವಿ ಬರೆದೆ. ಅದಕ್ಕೊಂದು ಬೀಗ. ಬೀಗಕ್ಕೊಂದು ಸರಪಳಿ. ಸಾಲದೆಂದು ಕೆಳಗೊಂದು ಕಣ್ಣೀರ ಹನಿ. ಚಿಕ್ಕಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ವಡೆಗೆ ಬೀಗ ಯಾಕಮ್ಮ ಹಾಕಿದ್ದೀಯ?"

"ವಡೆ ಅಲ್ಲ ಚಿಕ್ಕಪ್ಪ, ಕಿವಿ!" ನನ್ನ ಕಿವಿ ಹಿಡಿದು ತೋರಿಸಿದೆ.

"ಯಾರ್ದು?"

"ಯಾರದೋ" ಎಂದೆ.

"ಪಾಪ! ಒಳ್ಳೆ ಡಾಕ್ಟ್ರಿಗೆ ತೋರ್ಸಕ್ ಹೇಳು ಅವ್ರಿಗೆ."

ಅಷ್ಟು ಹೇಳಿ ಶೆಡ್ಡಿಗೆ ಹೋಗಿ, ಒಡೆದ, ಬಣ್ಣ ಹತ್ತಿದ ಹಳೆಯ ಕಂಡಿಕೆಗಳನ್ನು ಚೀಲದ ತುಂಬ ತಂದು ಸುರಿದರು. "ಇದ್ರಾಗೆ ಏನಾರ ಬೊಂಬೆ ಮಾಡ್ಕ. ಅಳೋ ಕಿವಿ ಬ್ಯಾಡ."

ಕಲ್ಯಾಣದುರ್ಗದ ಅಂಗಡಿಯೊಂದಕ್ಕೆ ಸೀರೆ ಒಯ್ಯುವುದು ಚಿಕ್ಕಪ್ಪನ ಕೆಲಸ. ಹಾಗಾಗಿ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. "ವಯಸ್ಸಿನ ಹುಡುಗಿ, ಕಾವಲಿಗೆ ನಾನು ಹೋಯ್ತೀನಿ" ಎಂದು ಅವರು ಬೀದಿಗೆಲ್ಲ ಹೇಳಿದ್ದರು. ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ: "ನೀನೇ ನೋಡ್ಕಬೇಕು ಕಣಮ್ಮ. ಏನಾರ ಹೆಚ್ಚುಕಮ್ಮಿ ಆದ್ರೆ ಇನ್ನ ಹೊಸ್ತಿಲು ದಾಟಕ್ ಬಿಡಲ್ಲ ನಾನು." ಆ ಸೀರೆ ಗಂಟು ಹೊತ್ತು ಊರೂರು ತಿರುಗುವುದನ್ನು ಬಿಡಿಸಿದರೆ ಚಿಕ್ಕಪ್ಪ ಉಳಿಯುವುದುಂಟೇ?

ಇನ್ನು ಆ ದಿನದ ಮಾತು. ನಗಿಸುವಂತೆ ಬರೆಯೋಣವೆಂದು ಎಷ್ಟು ಸಲ ಕೂತರೂ ಇಲ್ಲಿಗೆ ಬಂದಾಗ ಪೆನ್ನು ಮುಚ್ಚಿ ಎದ್ದುಬಿಡುತ್ತೇನೆ.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡು. ನಾನು ನಲ್ಲಿಯ ಹತ್ತಿರ ಬಾಟಲಿಗೆ ನೀರು ಹಿಡಿಯುತ್ತಿದ್ದೆ. ಚಿಕ್ಕಪ್ಪ ಒಂದು ಸೀರೆಯ ಮಡಿಕೆ ಮುರಿದಿದೆಯೇ ಎಂದು ನೋಡಲು ಗಂಟು ಬಿಚ್ಚಿದ್ದರು. ಎಲ್ಲಿ ನಿಂತು? ನಿಂತಿದ್ದ ಬಸ್ಸೊಂದರ ಹಿಂದೆ, ಅದರ ನೆರಳಿನಲ್ಲಿ! ಹೊಸ ಸೀರೆ ಬಿಚ್ಚುವಾಗ ಕಾಲಲ್ಲಿ ಚಪ್ಪಲಿ ಇರಬಾರದೆಂದು ಅದನ್ನೂ ಪಕ್ಕದಲ್ಲಿ ಬಿಟ್ಟಿದ್ದರು. ಅದು ಬ್ರಹ್ಮಸಮುದ್ರದ ಬಸ್ಸು. ಆಚೆ ಬದಿಯಲ್ಲಿದ್ದ ಕಂಡಕ್ಟರು ಸೀಟಿ ಊದಿದ. ಬಸ್ಸು ಹಿಂದಕ್ಕೆ ಬರತೊಡಗಿತು.

"ಚಿಕ್ಕಪ್ಪಾ!" ಎಂದು ಕಿರುಚಿದೆ. ಬಸ್ ಸ್ಟ್ಯಾಂಡಿನಲ್ಲಿದ್ದ ಚಿಕ್ಕಪ್ಪಂದಿರೆಲ್ಲ ತಿರುಗಿ ನೋಡಿದರು. ನನ್ನ ಚಿಕ್ಕಪ್ಪ ಸೀರೆಯ ಅಂಚು ಸವರುತ್ತಿದ್ದರು. ಮತ್ತೆ ಕಿರುಚಿದೆ. ಓಡಿದರೂ ಮುಟ್ಟಲಾಗದಷ್ಟು ದೂರ. ಅವರ ಬೆನ್ನಿಗೂ ಬಸ್ಸಿಗೂ ನಡುವೆ ನಾಲ್ಕು ಮೊಳವೂ ಉಳಿದಿರಲಿಲ್ಲ.

ಕೈ ತಾನಾಗಿಯೇ, ಬೊಂಬೆಗೆಂದು ತಂದಿದ್ದ ಕಂಡಿಕೆಗಳ ಚೀಲದೊಳಗೆ ಹೋಯಿತು. ಮೊದಲನೆಯ ಕಂಡಿಕೆ ಎಲ್ಲಿ ಹೋಯಿತೋ ಕಾಣಲಿಲ್ಲ. ಎರಡನೆಯದು ಬಸ್ಸಿಗೆ ಬಡಿಯಿತು. ಮೂರನೆಯದು ಚಿಕ್ಕಪ್ಪನ ಕುತ್ತಿಗೆಗೆ ತಗುಲಿ ಪಕ್ಕಕ್ಕೆ ಉರುಳಿತು. ನೆಲಕ್ಕೆ ಬಿದ್ದ ಕಂಡಿಕೆಯನ್ನು ಎತ್ತದೆ ಬಿಡುವ ಪೈಕಿಯೇ ಅವರು? ಸೀರೆ ಎದೆಗೊತ್ತಿಕೊಂಡು ಅದರ ಹಿಂದೆ ನಾಲ್ಕು ಹೆಜ್ಜೆ ಹೋದರು. ಅವರು ನಿಂತಿದ್ದ ಜಾಗದಲ್ಲಿ ಒಂದು ಚಪ್ಪಲಿ ಚಕ್ರದಡಿ ಹಪ್ಪಳವಾಯಿತು.

ಡ್ರೈವರು ಇಳಿದು ಬಂದ. ಹೆದರಿಕೆಗೆ ಅವನ ಮುಖವೂ ಬಿಳಿಚಿತ್ತು. "ಏಂ ಪೆದ್ದಾಯನಾ! ಚೆವುಡಾ ನೀಕು?" ಕಿವುಡಾ ನಿನಗೆ ಎಂದು ತೆಲುಗಿನಲ್ಲಿ ಅರಚಿದ.

ಚಿಕ್ಕಪ್ಪ ಅವನ ತುಟಿ ನೋಡಿದರು. ಚಪ್ಪಲಿ ನೋಡಿದರು. ನನ್ನನ್ನು ನೋಡಿದರು.

"ಅವುನು ನಾಯನಾ, ಚೆವುಡೇ" ಎಂದರು. ಹೌದಪ್ಪ, ಕಿವುಡೇ ಎಂದು.

ಕಾಗೆ, ಕುಕ್ಕರು, ಮೆತ್ತಗೆ ಮಾತಾಡುವ ಜಗತ್ತು, ಎಲ್ಲರ ಮೇಲಿದ್ದ ಆಪಾದನೆಯನ್ನೂ ಹೀಗೆ ಒಂದೇ ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಂಡರು! ಆಮೇಲೆ ಕಂಡಿಕೆ ಮೂರನ್ನೂ ಹುಡುಕಿ ತಂದು ನನ್ನ ಕೈಗಿಟ್ಟರು. "ಮೂರು ಎಸ್ದು ಒಂದು ತಗುಲ್ಸಿದ್ದೀಯ. ಏನ್ ಓದಿದ್ಯೋ ಏನೋ!"

ನಡೆದದ್ದನ್ನು ಮನೆಯಲ್ಲಿ ಯಾರು ಹೇಳಬೇಕೆಂದು ನಾನು ಒದ್ದಾಡುತ್ತಿದ್ದರೆ, ಒಂಟಿ ಚಪ್ಪಲಿ ಹಿಡಿದು ಒಳಗೆ ಬಂದ ಅವರೇ ಚಿಕ್ಕಮ್ಮನಿಗೆ ಹೇಳಿದರು: "ನಂಗೆ ಕೇಳ್ಸಲ್ಲ ಕಣೇ." ಚಿಕ್ಕಮ್ಮ ಅತ್ತರು, ಬೈದರು, ಹೊಸ್ತಿಲು ದಾಟಕೂಡದೆಂದರು. ಎರಡು ವಾರ ಅದು ನಡೆಯಿತು. ಆಮೇಲೆ ಚಿಕ್ಕಪ್ಪ ಹೊಸ ಏರ್ಪಾಡು ಮಾಡಿಕೊಂಡರು. ಈಗ ಅವರು ಬಸ್ಸು ಹತ್ತಿದ ಕೂಡಲೇ ಕಂಡಕ್ಟರ ಕೈಗೊಂದು ಕಂಡಿಕೆ ಕೊಡುತ್ತಾರೆ: "ನಂಗೆ ಕಿವಿ ಕೇಳ್ಸಲ್ಲಪ್ಪ. ಕಲ್ಯಾಣದುರ್ಗ ಬಂದ್ರೆ ಎಸಿ." ಪುಣ್ಯಾತ್ಮರು, ಎಸೆಯುತ್ತಾರೆ!

ನಾನು ಆ ಕಿವಿಯ ಚಿತ್ರ ಹರಿದುಹಾಕಿದೆ. ಕಂಡಿಕೆಗಳನ್ನೇ ಹಲಗೆಗೆ ಅಂಟಿಸಿ ಬೇರೆ ಮಾಡಿದೆ. ಒಂದು ಬಸ್ಸು, ಒಬ್ಬರ ಬೆನ್ನು, ದೂರದಲ್ಲೊಬ್ಬ ಹುಡುಗಿ. ಅಂಟಿಸುವಾಗ ಪ್ರತಿ ಸಲವೂ ಬಸ್ಸನ್ನು ಆ ಬೆನ್ನಿನಿಂದ ಒಂದಿಷ್ಟು ದೂರ ಸರಿಸುತ್ತಿದ್ದೆ. ಕೊನೆಗೆ ಅದು ಹಲಗೆಯ ಅಂಚಿಗೇ ಹೋಗಿ ನಿಂತಿತು. ಮೇಡಂಗೆ ಒಪ್ಪಿಸುವ ಮೊದಲು ಚಿಕ್ಕಪ್ಪನಿಗೆ ತೋರಿಸಿದೆ. ಈ ಸಲ ಯಾವ ತಿಂಡಿಯ ಹೆಸರು ಹೇಳುತ್ತಾರೋ ಎಂದು ಕಾದೆ.

ಅವರು ಬಸ್ಸನ್ನು ನೋಡಲಿಲ್ಲ. ತಮ್ಮ ಬೆನ್ನನ್ನೂ ನೋಡಲಿಲ್ಲ. ಹುಡುಗಿಯ ಮೇಲೆ ಬೆರಳಿಟ್ಟರು.

"ಈವಮ್ಮ ಯಾಕೆ ಬಾಯಿ ತಕ್ಕೊಂಡವ್ಳೆ?"

"ಕೂಗ್ತಿದ್ದಾಳೆ ಚಿಕ್ಕಪ್ಪ."

ಬೆರಳು ಅಲ್ಲೇ ಇಟ್ಟು ನನ್ನತ್ತ ನೋಡಿದರು. "ಅವತ್ತು ನೀನು ಕೂಗಿದ್ಯಾ?"

ತಲೆಯಾಡಿಸಿದೆ.

"ನಾನು ಬೆನ್ನು ಮಾಡಿದ್ದೆ, ನೋಡ್ಲಿಲ್ಲ. ಇನ್ನೊಂದ್ಸಲ ಕೂಗು, ನೋಡ್ತೀನಿ."

ಅವರೆದುರು ತಿರುಗಿ ನಿಂತೆ. ತುಟಿಗಳಷ್ಟೇ ಅಲುಗಿದವು: ಚಿಕ್ಕಪ್ಪಾ.

ಕಣ್ಣು ಮಿಟುಕಿಸದೆ ನೋಡುತ್ತಿದ್ದ ಚಿಕ್ಕಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು.

"ಓ! ಬಂದೆ ಕಣಮ್ಮ" ಎಂದರು.